ಅಜ್ಜಿಯನ್ನು ಕೇಳೋ ಮುಂಚೆ ಲೈಬ್ರರಿಗೆ ಹೋಗಿ

ಪಬ್ಲಿಕ್ ಲೈಬ್ರರಿ ಅಂದ್ರೆ ನಮಗೆ ಗೊತ್ತಿರೋದು ಇಷ್ಟೇ: ಪೇಪರ್ ಓದೋ ತಾತಂದಿರು, ಕೆಎಎಸ್‌ಗೆ ಓದೋ ಅಣ್ಣಂದಿರು. ನಾನೂ ಹಾಗೇ ಅಂದುಕೊಂಡಿದ್ದೆ.

ನಮ್ಮ ಅಜ್ಜಿಯ ತವರು ಶರಾವತಿ ದಂಡೆಯ ಒಂದು ಹಳ್ಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಅದು ಮುಳುಗಿತು. "ಅಲ್ಲಿ ಏನಿತ್ತು ಅಜ್ಜಿ?" ಅಂದ್ರೆ "ಎಂತದಿತ್ತು ಮಾರಾಯ, ಗದ್ದೆ, ತೋಟ" ಅಂತ ಮಾತು ಮುಗಿಸ್ತಿದ್ರು. ಗೂಗಲ್ ಮ್ಯಾಪ್‌ನಲ್ಲಿ ನೋಡಿದ್ರೆ ಬರೀ ನೀಲಿ.

ಕಳೆದ ರಜೆಯಲ್ಲಿ ಊರಿನ ಲೈಬ್ರರಿಯಲ್ಲಿ ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 8ನೇ ಸಂಪುಟ ಸಿಕ್ತು. ಸಾಗರ, ಸೊರಬ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳು ಊರಿನ ಹೆಸರಿನ ಸಮೇತ ಅದರಲ್ಲಿವೆ. ನಮ್ಮ ಮನೆತನದ ಸುದ್ದಿ ಎಲ್ಲೂ ಇಲ್ಲ. ದಾನ ಕೊಟ್ಟವರ, ಕಾಳಗದಲ್ಲಿ ಸತ್ತವರ ಹೆಸರು ಕಲ್ಲಿಗೆ ಏರಿತು. ಗದ್ದೆ ಉತ್ತವರದ್ದು ಏರಲಿಲ್ಲ.

ಆದ್ರೂ ಆ ಸೀಮೆಯ ಊರುಗಳ ಹೆಸರು ಬರೆದುಕೊಂಡು ಬಂದು ಅಜ್ಜಿ ಮುಂದೆ ಒಂದೊಂದಾಗಿ ಓದಿದೆ. ಮೂರನೇ ಹೆಸರಿಗೆ, "ಅಲ್ಲಿಗೇ ನಮ್ಮ ಅಕ್ಕನ್ನ ಕೊಟ್ಟಿದ್ದು" ಅಂದ್ರು. ಚಿಕ್ಕ ವಯಸ್ಸಿನಲ್ಲೇ ಹೆರಿಗೆಯಲ್ಲಿ ತೀರಿಕೊಂಡ ಆ ಅಕ್ಕನ ವಿಷಯ ಅಪ್ಪನಿಗೂ ಗೊತ್ತಿರಲಿಲ್ಲ.

ಉತ್ತರ ಪುಸ್ತಕದಲ್ಲಿ ಇರಲಿಲ್ಲ, ಕೇಳಬೇಕಾದ ಪ್ರಶ್ನೆ ಇತ್ತು. "ನಿಮ್ಮ ಕಾಲದ ಕಥೆ ಹೇಳಿ" ಅಂದ್ರೆ ಯಾರಿಗೂ ಏನೂ ನೆನಪಾಗಲ್ಲ. ಊರಿನ ಹೆಸರು ಹೇಳಿ ನೋಡಿ. ಈ ರಜೆಗೆ ನಿಮ್ಮ ಜಿಲ್ಲೆಯ ಗ್ಯಾಸೆಟಿಯರ್ ಕೇಳಿ, ನಾಲ್ಕು ಹೆಸರು ಗುರುತು ಹಾಕಿಕೊಂಡು ಮನೆಗೆ ಹೋಗಿ.

ಪುಸ್ತಕ ಮುಂದಿನ ಸೆಮಿಸ್ಟರ್‌ಗೂ ಕಪಾಟಿನಲ್ಲೇ ಇರುತ್ತೆ. ಅಜ್ಜಿ ವಿಷಯ ಹಾಗೆ ಹೇಳೋಕಾಗಲ್ಲ.