ಹಿರಿಯರನ್ನು ಕೂರಿಸಬೇಡಿ

ಅರವತ್ತು ದಾಟಿದವರಿಗೆ ನಮ್ಮ ಮನೆಗಳಲ್ಲಿ ಸಿಗುವ ಮೊದಲ ಮರ್ಯಾದೆ ಕುರ್ಚಿ. 'ನೀವು ಕೂತ್ಕೊಳ್ಳಿ ಅಪ್ಪಾಜಿ, ನಾವು ತರ್ತೀವಿ' ಎಂದು ಕೈಯಲ್ಲಿದ್ದ ತರಕಾರಿ ಚೀಲ ಇಸಿದುಕೊಳ್ಳುತ್ತೇವೆ. ರಂಗೋಲಿಗೆ ಬಗ್ಗಿದ ಅಮ್ಮನನ್ನು ಗದರುತ್ತೇವೆ. ಇದು ಪ್ರೀತಿಯೇ, ಸಂಶಯವಿಲ್ಲ. ಆದರೆ ಇದರಿಂದ ಅವರಿಗೆ ಆಗುವುದು ಒಳಿತೋ ಕೆಡುಕೋ ಎಂದು ಕೇಳಿಕೊಳ್ಳುವವರು ಕಡಿಮೆ.

ವಯಸ್ಸಾದಂತೆ ಸ್ನಾಯು ಸೊರಗುತ್ತದೆ, ಕೀಲು ಬಿಗಿಯುತ್ತದೆ. ಅದರಲ್ಲಿ ವಯಸ್ಸಿನ ಪಾಲೆಷ್ಟು, ಕೂತಿದ್ದರ ಪಾಲೆಷ್ಟು? ಅಮೆರಿಕದ ಬಾಸ್ಟನ್ನಿನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ವೈದ್ಯೆ ಮಾರಿಯಾ ಫಿಯಾಟರೋನ್ ಮತ್ತು ಸಂಗಡಿಗರು ತೊಂಬತ್ತರ ಆಸುಪಾಸಿನ 10 ಮಂದಿಯಿಂದ 8 ವಾರ ಕಾಲಿನಲ್ಲಿ ಭಾರ ಎತ್ತಿಸಿದರು. ಕೊನೆತನಕ ಉಳಿದವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಏರಿತು, ಇಬ್ಬರು ಊರುಗೋಲನ್ನೇ ಬಿಟ್ಟರು. ಇದು ಪ್ರಕಟವಾದದ್ದು 1990ರಲ್ಲಿ. ಹತ್ತೇ ಜನವಲ್ಲವೇ ಎಂದು ಮೂಗು ಮುರಿಯಬಹುದು. ಮುಂದೆ ಹೆಚ್ಚು ಜನರ ಮೇಲೆ ನಡೆದ ಅಧ್ಯಯನಗಳೂ ಇದನ್ನೇ ಹೇಳಿದವು.

'ನಾನು ದಿನಾ ವಾಕಿಂಗ್ ಹೋಗ್ತೀನಲ್ಲ' ಎನ್ನುವವರು ಲಾಲ್‌ಬಾಗಿನ ತುಂಬ ಸಿಗುತ್ತಾರೆ. (ವಾಕಿಂಗಿನ ನಂತರದ ಮಸಾಲೆ ದೋಸೆಯ ವಿಷಯ ಬೇಡ.) ನಡಿಗೆ ಬೇಕು, ಸಾಲದು. 65 ದಾಟಿದವರು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮದ ಜೊತೆಗೆ 2 ದಿನ ಸ್ನಾಯುಬಲದ, 3 ದಿನ ಸಮತೋಲನದ ವ್ಯಾಯಾಮವನ್ನೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ನಮ್ಮವರು ಮೊದಲನೆಯದನ್ನು ಪಾಲಿಸಿ, ಉಳಿದೆರಡನ್ನು ಹುಡುಗರ ಜಿಮ್‌ಗೆ ಬಿಟ್ಟುಬಿಟ್ಟಿದ್ದಾರೆ.

ಇನ್ನು ಮೈ ಬಗ್ಗುವ ಮಾತು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯಗಳಿಂದ ನಲುಗಿದವರು. ಮೈಸೂರಿನಲ್ಲಿ ಭಾವ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿಯತೊಡಗಿದಾಗ ಅವರ ಮೈ ಮರಗಟ್ಟಿದಂತಿತ್ತು. ತೊಂಬತ್ತರ ನಂತರವೂ ಆಸನ ಹಾಕುತ್ತಿದ್ದುದು ಅದೇ ಮೈ. ಆದರೆ ಅವರ ದೊಡ್ಡ ಕೊಡುಗೆ ಇರುವುದು ಬೇರೆಡೆ: ಬಗ್ಗಲಾಗದವರಿಗಾಗಿ ಹಗ್ಗ, ಪಟ್ಟಿ, ಮರದ ಇಟ್ಟಿಗೆ, ಕುರ್ಚಿಗಳನ್ನು ಆಸನಕ್ಕೆ ಆಸರೆಯಾಗಿ ತಂದರು. ಕುರ್ಚಿಯನ್ನು ಹೀಗೂ ಬಳಸಬಹುದು!

'ಬಿದ್ದುಬಿಟ್ಟರೆ?' ಎಂಬ ಹೆದರಿಕೆ ಹುಸಿಯಲ್ಲ. ಸೊಂಟದ ಮೂಳೆ ಮುರಿದು ಮಲಗಿದ ಎಷ್ಟೋ ಹಿರಿಯರು ಮತ್ತೆ ಮೊದಲಿನಂತೆ ಓಡಾಡುವುದಿಲ್ಲ. ಆದರೆ ಕಾಲಲ್ಲಿ ಬಲವಿಲ್ಲದವರೇ ಹೆಚ್ಚು ಬೀಳುವುದು. ಬೀಳಬಾರದೆಂದು ಕೂರಿಸಿದಷ್ಟೂ ಬೀಳುವ ಸಂಭವ ಬೆಳೆಯುತ್ತದೆ. ಮಂಡಿ ಸವೆದವರು ಕುಕ್ಕರಗಾಲಲ್ಲಿ ಕೂರುವುದು ಬೇಡ ಎಂಬುದು ಸರಿ. ಆದರೆ ತೊಡೆಯ ಸ್ನಾಯು ಗಟ್ಟಿಯಾದರೆ ಅದೇ ಮಂಡಿಯ ನೋವು ತಗ್ಗುತ್ತದೆ. ಜೊತೆಗೆ, ಸ್ನಾಯು ಗಟ್ಟಿಯಾಗಬೇಕಾದರೆ ತಟ್ಟೆಯಲ್ಲಿ ಅನ್ನ-ಸಾರಷ್ಟೇ ಇದ್ದರೆ ಸಾಲದು. ಬೇಳೆ, ಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ ಬೇಕು.

ಹೃದಯದ ತೊಂದರೆ ಇರುವವರು, ಈಚೆಗೆ ಶಸ್ತ್ರಚಿಕಿತ್ಸೆ ಆದವರು ಮೊದಲು ವೈದ್ಯರನ್ನು ಕೇಳಿ. ಉಳಿದವರು ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಒತ್ತಿ ಇಟ್ಟು, ಕೈ ಊರದೆ ಎದ್ದು ಕೂತು ನೋಡಿ. ಎಷ್ಟು ಸಲ ಆಗುತ್ತದೋ ಅಲ್ಲಿಂದಲೇ ಶುರು ಮಾಡಿ. ಮಕ್ಕಳು ಪಕ್ಕದಲ್ಲಿ ನಿಂತಿದ್ದರೆ ಸಾಕು, ಎತ್ತಲು ಹೋಗುವುದು ಬೇಡ.