ಗಣಿಯ ಹೂಳು ಕೆರೆಗೋಡಲ್ಲ

ಗುಡ್ಡದಲ್ಲಿ ಕಬ್ಬಿಣವಿದೆ, ಬೆಳೆಗೂ ಕಬ್ಬಿಣ ಬೇಕು. ಹಾಗಿರುವಾಗ ಗಣಿಯ ಕಡೆಯಿಂದ ಹರಿದುಬಂದ ಕೆಂಪು ಹೂಳನ್ನು ಹೊಲಕ್ಕೆ ಹೇರಿದರೆ ತಪ್ಪೇನು? ಸಂಡೂರು ಸೀಮೆಯ ರೈತ ಬಾಂಧವರು ಹೀಗೆ ಕೇಳುವುದುಂಟು. ಹೇರಬೇಡಿ ಎಂಬುದೇ ನನ್ನ ಉತ್ತರ. ಕಾರಣ ತಿಳಿಯಲು ಗುಡ್ಡದ ಹುಟ್ಟನ್ನು ನೋಡಬೇಕು.

ಸುಮಾರು 270 ಕೋಟಿ ವರ್ಷಗಳ ಹಿಂದೆ ಇಲ್ಲಿ ಸಮುದ್ರವಿತ್ತು. ನೀರಿನಲ್ಲಿ ಕರಗಿದ್ದ ಕಬ್ಬಿಣವೂ ಸಿಲಿಕವೂ ತಳದಲ್ಲಿ ಪದರ ಪದರವಾಗಿ ಕೂತು ಬಂಡೆಯಾದವು. ದೇವಗಿರಿಯ ಮ್ಯಾಂಗನೀಸೂ ಇದೇ ಶಿಲಾಪಟ್ಟಿಯದು. ಮುಂದೆ ಯುಗಯುಗಗಳ ಮಳೆ ಸಿಲಿಕವನ್ನು ತೊಳೆದೊಯ್ದ ಕಡೆ ಶೇಕಡಾ 60ಕ್ಕೂ ಮಿಕ್ಕಿ ಕಬ್ಬಿಣವುಳ್ಳ ಹೆಮಟೈಟ್ ಅದಿರು ಉಳಿಯಿತು. ಅಂದರೆ, ಮಳೆ ಕರಗಿಸಲಾರದೆ ಬಿಟ್ಟದ್ದೇ ಅದಿರು. ಅಷ್ಟು ಕಾಲದ ಮಳೆಗೆ ಕರಗದ್ದು ನಿಮ್ಮ ಶೇಂಗಾದ ಬೇರಿಗೆ ಒಂದು ಹಂಗಾಮಿನಲ್ಲಿ ದಕ್ಕೀತೆ? ಎಲೆ ಹಳದಿಗೆ ತಿರುಗಿ, ಕಬ್ಬಿಣದ ಕೊರತೆಯೆಂದು ಖಾತ್ರಿಯಾದರೆ ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ ಬೆರೆಸಿ ಸಿಂಪಡಿಸಿರಿ. ಖರ್ಚೂ ಅಲ್ಪ.

ಕೆರೆಗೋಡಿನ ಸತ್ವವೇ ಬೇರೆ. ಊರ ಸಗಣಿ, ಕೊಳೆತ ಎಲೆ, ಹೊಲಗಳ ಮೇಲ್ಮಣ್ಣು ಕೂಡಿ ಆದದ್ದದು. ಗಣಿಯ ತ್ಯಾಜ್ಯ ರಾಶಿಯಿಂದ ಇಳಿದ ಹೂಳಿನಲ್ಲಿ ಸಾವಯವ ಅಂಶ ತೀರ ಕಡಮೆ. ನುಣುಪಾದ ಈ ಹೂಳು ಒಣಗಿದರೆ ಮೇಲ್ಪದರ ಹೆಂಚಿನಂತೆ ಬಿಗಿದು ಮೊಳಕೆಯನ್ನು ತಡೆಯುತ್ತದೆ. ನೋಡಲು ಎರಡೂ ಮಣ್ಣೇ! ಗಣಿಯ ಕೆಳಗಿನ ಕೆರೆಯ ಹೂಳಾದರೆ, ಗಾಡಿ ಕಟ್ಟುವ ಮುನ್ನ ಮಾದರಿಯನ್ನು ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕಳುಹಿಸಿರಿ.

ಹೂಳು ಗುಡ್ಡದ ಬುಡದಲ್ಲೇ ನಿಲ್ಲಬೇಕು. ಬಳ್ಳಾರಿಯ ಗಣಿಗಾರಿಕೆಯನ್ನು 2011ರಲ್ಲಿ ತಡೆದ ಸುಪ್ರೀಂ ಕೋರ್ಟು, 2013ರಲ್ಲಿ ಪುನಶ್ಚೇತನ ಯೋಜನೆಯ ಷರತ್ತು ಹಾಕಿಯೇ ಮತ್ತೆ ಅನುಮತಿಸಿತು. 2015ರ ತಿದ್ದುಪಡಿಯಂತೆ ಹಳೆಯ ಗುತ್ತಿಗೆದಾರರು ರಾಜಧನದ ಶೇಕಡಾ 30ರಷ್ಟನ್ನೂ, ಹರಾಜಿನಲ್ಲಿ ಪಡೆದವರು ಶೇಕಡಾ 10ರಷ್ಟನ್ನೂ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟಬೇಕು. ಈ ಹಣದಲ್ಲಿ ನೀರಾವರಿಗೂ ಜಲಾನಯನ ಕೆಲಸಕ್ಕೂ ಅವಕಾಶವಿದೆ. ಆದರೆ ಊರಿನವರು ಮೊದಲು ಕೇಳುವುದು ಸಮುದಾಯ ಭವನ. ಭವನ ಬೇಡವೆನ್ನುವುದಿಲ್ಲ, ಕೆರೆ ತುಂಬಿಹೋದ ಊರಿನಲ್ಲಿ ಅದು ಎರಡನೆಯ ಮಾತು. ಹಳ್ಳಕ್ಕೆ ತಡೆಗಟ್ಟೆ, ರಾಶಿಯ ಬುಡಕ್ಕೆ ಕಲ್ಲುಗೋಡೆ, ಇಳಿಜಾರಿಗೆ ಹುಲ್ಲು ಮೊದಲಾಗಲಿ.

ಇದಕ್ಕೆ ಬರಿಯ ಬಾಯಿಮಾತು ಸಾಲದು. ಮುಂಗಾರಿನ ಮೊದಲ ದೊಡ್ಡ ಮಳೆಯ ಮರುದಿನವೇ ನಾಲ್ಕು ಜನ ಹಳ್ಳದ ಗುಂಟ ಮೇಲಕ್ಕೆ ನಡೆಯಿರಿ. ಕೆಂಪು ನೀರು ಯಾವ ಸರ್ವೆ ನಂಬರಿನಲ್ಲಿ ಹಳ್ಳ ಸೇರುತ್ತದೆಂದು ಗುರುತು ಹಾಕಿಕೊಂಡು, ಗ್ರಾಮಸಭೆಯ ನಡಾವಳಿಯಲ್ಲಿ ಬರೆಯಿಸಿ ನಕಲು ಪಡೆಯಿರಿ.