ದಮ್ಮು ಇದ್ದವರಿಗೂ ಓಟವುಂಟು



ಬೆಂಗಳೂರಿನಲ್ಲಿ 2008ರಲ್ಲಿ 10 ಕಿಲೋಮೀಟರ್ ಓಟ ಆರಂಭವಾದ ಮೇಲೆ, ಓಟವೆಂದರೆ ಕ್ರೀಡಾಪಟುಗಳಿಗೆ ಮಾತ್ರ ಎಂಬ ಭಾವನೆ ಹೋಗಿದೆ. ನಮ್ಮ ಜೂಜುವಾಡಿಯಲ್ಲೂ ಅಂಗಡಿ ಬಾಗಿಲು ತೆಗೆಯುವ ಮೊದಲು ಓಡಿ ಬರುವ ಹುಡುಗರಿದ್ದಾರೆ. ನಾವೂ ವಾರಕ್ಕೆ ನಾಲ್ಕು ದಿನ ನಿಧಾನವಾಗಿ ಓಡುತ್ತೇವೆ. ನಮಗೆ ಚಿಕ್ಕಂದಿನಿಂದ ದಮ್ಮು, ಅಂದರೆ ಅಸ್ತಮಾ ಉಂಟು ಎಂದರೆ ಅನೇಕರು ನಂಬುವುದಿಲ್ಲ.

ದಮ್ಮು ಇದ್ದವರು ಮೈ ದಣಿಸಬಾರದು ಎಂಬುದು ಹಳೆಯ ಮಾತು. ಇಂಗ್ಲೆಂಡಿನ ಪೌಲಾ ರ‍್ಯಾಡ್‌ಕ್ಲಿಫ್ ಎಂಬ ಹೆಣ್ಣುಮಗಳಿಗೆ ಹದಿಹರೆಯದಿಂದಲೇ ಅಸ್ತಮಾ. ಆಕೆ 2003ರಲ್ಲಿ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡುಗಳಲ್ಲಿ ಓಡಿದರು. ಆ ವಿಶ್ವದಾಖಲೆಯನ್ನು 2019ರವರೆಗೆ ಯಾರೂ ಮುರಿಯಲಿಲ್ಲ.

ಓಡುವಾಗ ಎದೆ ಬಿಗಿಯುವುದೇಕೆ? ಸುಮ್ಮನೆ ಕುಳಿತಾಗ ಮೂಗು ಗಾಳಿಯನ್ನು ಬೆಚ್ಚಗೆ, ತೇವವಾಗಿ ಮಾಡಿ ಒಳಗೆ ಬಿಡುತ್ತದೆ. ಓಡುವಾಗ ಬಾಯಿಂದ ಎಳೆದ ಒಣಗಾಳಿ ನೇರವಾಗಿ ಇಳಿಯುತ್ತದೆ. ಶ್ವಾಸನಾಳದ ಒಳಪದರ ಒಣಗಿ, ಸುತ್ತಲಿನ ಸ್ನಾಯು ಬಿಗಿಯುತ್ತದೆ. ಓಟ ನಿಲ್ಲಿಸಿದ ಐದು ಹತ್ತು ನಿಮಿಷದಲ್ಲೇ ಕೆಮ್ಮು, ಗೊರಗೊರ ಸದ್ದು ಹೆಚ್ಚುವುದುಂಟು. ನಮ್ಮ ಹೊಸೂರು ಸೀಮೆಯ ಮಾರ್ಗಶಿರ, ಪುಷ್ಯ ಮಾಸದ ಚಳಿ, ಹೆದ್ದಾರಿಯ ಲಾರಿ ಹೊಗೆ ಎರಡೂ ಸೇರಿದರೆ ಕೇಳಬೇಕೆ? ಆ ದಿನಗಳಲ್ಲಿ ನಾವು ಬಿಸಿಲು ಏರಿದ ಮೇಲೆ, ಹೆದ್ದಾರಿಯಿಂದ ದೂರ, ಮೂಗು ಬಾಯಿಗೆ ಮಫ್ಲರ್ ಸುತ್ತಿ ಹೊರಡುತ್ತೇವೆ. ಮೊದಲು ಹತ್ತು ಹದಿನೈದು ನಿಮಿಷ ನಡಿಗೆ, ಆಮೇಲೆ ಓಟ, ಕೊನೆಯಲ್ಲಿ ಮತ್ತೆ ನಡಿಗೆ. ಮೆಣಸಿನಕಾಯಿ ಮೂಟೆ ಬಿಚ್ಚಿದ ದಿನ, ಗೋದಾಮು ಗುಡಿಸಿದ ದಿನ, ನೆಗಡಿ ಇದ್ದ ದಿನ ಓಟಕ್ಕೆ ರಜೆ.

ಇನ್ನು ಔಷಧಿಯ ಮಾತು. ವ್ಯಾಪಾರಿಗಳಾದ ನಮಗೆ ಲೆಕ್ಕದ ಭಾಷೆಯಲ್ಲೇ ಹೇಳಿದರೆ ಚೆನ್ನ. ಸಾಲ್‌ಬ್ಯುಟಮಾಲ್ ಪಂಪು ಕೈಗಡವಿದ್ದಂತೆ. ಆ ಹೊತ್ತಿನ ಅಡಚಣೆ ನೀಗುತ್ತದೆ, ಒಳಗಿನ ಊತ ಹಾಗೆಯೇ ಉಳಿಯುತ್ತದೆ. ಸ್ಟೀರಾಯ್ಡ್ ಇರುವ ಪಂಪು ದಿನವಹಿ ಜಮಾ ಇದ್ದಂತೆ. ಊತವನ್ನು ನಿಧಾನವಾಗಿ ಇಳಿಸುತ್ತದೆ, ಆದುದರಿಂದ ಆರಾಮವಾಗಿದ್ದ ದಿನವೂ ಬಿಡಬಾರದು. ದಿನವೂ ಕೈಗಡ ಎತ್ತುವ ಅಂಗಡಿ ಲಾಭದಲ್ಲಿದೆ ಎಂದು ಯಾರಾದರೂ ಹೇಳುವರೆ? ಓಟಕ್ಕೆ ಮುಂಚೆ ವೈದ್ಯರು ಹೇಳಿ ತೆಗೆದುಕೊಳ್ಳುವುದನ್ನು ಬಿಟ್ಟು, ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಈ ಪಂಪು ಬೇಕಾದರೆ, ರಾತ್ರಿ ದಮ್ಮಿನಿಂದ ಎಚ್ಚರವಾದರೆ, ರೋಗ ಹತೋಟಿಯಲ್ಲಿಲ್ಲ ಎಂದೇ ತಿಳಿಯಿರಿ. ಅಸ್ತಮಾ ತಜ್ಞರ ಜಾಗತಿಕ ಸಂಸ್ಥೆ ‘ಜೀನಾ’ 2019ರಿಂದ, ಸಾಲ್‌ಬ್ಯುಟಮಾಲ್ ಒಂದನ್ನೇ ನಂಬಿರಬೇಡಿ, ಸ್ಟೀರಾಯ್ಡ್ ಜೊತೆಗಿರಲಿ ಎಂದು ಸಲಹೆ ಕೊಡುತ್ತಿದೆ. ಪಂಪಿನ ಪ್ರಮಾಣ ಬಹಳ ಅಲ್ಪ, ಅದು ನೇರ ಶ್ವಾಸಕೋಶಕ್ಕೇ ಹೋಗುತ್ತದೆ. ಚಟ ಹತ್ತುತ್ತದೆಂಬ ಭಯ ಬೇಡ.

ನಮ್ಮ ಮನೆಗಳಿಗೆ ಸೇರಿದ ಎರಡು ವಿಷಯಗಳಿವೆ. ಸ್ಟೀರಾಯ್ಡ್ ಪಂಪಿನ ನಂತರ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ನಾಲಿಗೆಯಲ್ಲಿ ಬಿಳಿ ಅಗ್ರ ಬರಬಹುದು. ಸೂರ್ಯಾಸ್ತದ ನಂತರ ನೀರು ಮುಟ್ಟದವರು ಸಂಜೆಯ ಊಟದ ಹೊತ್ತಿಗೇ ಅದನ್ನು ತೆಗೆದುಕೊಂಡರೆ ನಿಯಮವೂ ಉಳಿಯಿತು, ಔಷಧಿಯೂ ಆಯಿತು. ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡುವವರು ಮೊದಲೇ ವೈದ್ಯರನ್ನು ಕೇಳಿರಿ, ಔಷಧಿಯನ್ನು ತಾವಾಗಿ ನಿಲ್ಲಿಸಬೇಡಿ, ಆ ದಿನ ಓಡಲೂ ಬೇಡಿ. ಎರಡನೆಯದು, ಪುಡಿ ಔಷಧಿಯ ಕ್ಯಾಪ್ಸೂಲಿನ ಕವಚ ಜೆಲಟಿನ್‌ನದ್ದಾಗಿರಬಹುದು, ಅದು ಪ್ರಾಣಿಜನ್ಯ. ಮನಸ್ಸಿಗೆ ಒಪ್ಪದಿದ್ದರೆ ಕ್ಯಾಪ್ಸೂಲಿಲ್ಲದ ಒತ್ತುವ ಪಂಪನ್ನು ಕೇಳಿ ಪಡೆಯಿರಿ. ಆ ಕಾರಣಕ್ಕೆ ಔಷಧಿಯನ್ನೇ ಬಿಡಬೇಡಿ.

ಓಡುವಾಗ ಪಂಪು ಜೇಬಿನಲ್ಲೇ ಇರಲಿ. ಎದೆ ಬಿಗಿದರೆ ನಿಂತು, ನೆಟ್ಟಗೆ ಕುಳಿತು ಪಂಪು ಎಳೆಯಿರಿ. ಹತ್ತು ಹದಿನೈದು ನಿಮಿಷದಲ್ಲಿ ಇಳಿಯದಿದ್ದರೆ ಆಸ್ಪತ್ರೆಗೆ ಹೊರಡಿ. ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಯಾದರೆ ಕಾಯದೆ ಆಗಲೇ 108ಕ್ಕೆ ಕರೆ ಮಾಡಿ. ನಮ್ಮ ಗಡಿಯ ಈಚೆಗೂ ಆಚೆಗೂ ಅದೇ ಸಂಖ್ಯೆ.

ಕೊನೆಯದಾಗಿ ಹೆತ್ತವರಿಗೊಂದು ಮಾತು. ಹುಡುಗಿಗೆ ದಮ್ಮಿದೆ ಎಂದು ತಿಳಿದರೆ ಸಂಬಂಧ ಕೂಡಿಬರುವುದಿಲ್ಲವೆಂದು ಪಂಪನ್ನು ಬೀರುವಿನಲ್ಲಿ ಬಚ್ಚಿಡುವ ಮನೆಗಳುಂಟು. ಬಚ್ಚಿಟ್ಟ ಪಂಪು ನಡುರಾತ್ರಿ ಹುಡುಕಿದರೆ ಕೈಗೆ ಸಿಗದು. ಗಂಡಿನ ಮನೆಯಲ್ಲೂ ಅವಳು ಕದ್ದು ಎಳೆಯಬೇಕಾಗುತ್ತದೆ, ಒಂದೊಂದು ದಿನ ಎಳೆಯದೆಯೂ ಇರುತ್ತಾಳೆ. ಜೀವಕ್ಕೆ ಕುತ್ತು ಬರುವುದು ಅಲ್ಲಿ. ಸಾಲವನ್ನು ಮುಚ್ಚಿಟ್ಟು ಪಾಲುದಾರಿಕೆ ಬರೆಯುವವರಲ್ಲ ನಾವು. ಇದನ್ನೂ ಮೊದಲೇ ಹೇಳಿಬಿಡೋಣ. ಜೊತೆಗೆ, ನಮ್ಮ ಹುಡುಗಿ ದಿನಾ ಓಡುತ್ತಾಳೆ ಎಂದೂ ಹೇಳೋಣ.